ಕೀಲೆಣ್ಣೆಯ ಹದ

ಬಂಡಿಯ ಅಚ್ಚಿಗೆ ಕಾಲಕಾಲಕ್ಕೆ ಕೀಲೆಣ್ಣೆ ಬೇಕೆಂಬುದು ಗ್ರಾಮೀಣರೆಲ್ಲರೂ ಬಲ್ಲ ಸಂಗತಿ. ಮೈದಾನದ ಹುಲ್ಲನ್ನು ಕತ್ತರಿಸುವ ಯಂತ್ರಕ್ಕೂ ಇದೇ ನಿಯಮ ಸಲ್ಲುತ್ತದೆ. ಆದರೆ ಇಲ್ಲಿ ಕೊರತೆಯಂತೆಯೇ ಅತಿಯೂ ಕೇಡನ್ನು ತರುತ್ತದೆ.

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದನು. ಅವನ ಯಂತ್ರದಲ್ಲಿ ಅಲಗುಗಳು ಉರುಳೆಯೊಂದರ ಸುತ್ತ ಇದ್ದವು. ಇಂದು ವಿಶಾಲವಾದ ಮೈದಾನಗಳಲ್ಲಿ ಚಾಲಕನು ಕುಳಿತು ನಡೆಸುವ ಯಂತ್ರಗಳಲ್ಲಿ ಅಲಗುಗಳು ಡೆಕ್ ಎಂಬ ಉಕ್ಕಿನ ಹೊದಿಕೆಯ ಅಡಿಯಲ್ಲಿ ನೆಲಕ್ಕೆ ಸಮಾನಾಂತರವಾಗಿ ತಿರುಗುತ್ತವೆ. ಅಲಗನ್ನು ಹೊತ್ತ ನೆಟ್ಟನೆಯ ಅಚ್ಚೇ ಸ್ಪಿಂಡಲ್. ನಿಮಿಷಕ್ಕೆ ಸುಮಾರು ಮೂರು ಸಾವಿರ ಸುತ್ತುಗಳ ಆ ವೇಗವನ್ನು ತಾಳಿಕೊಳ್ಳುವ ಭಾರವೆಲ್ಲವೂ ಅದರ ಬೇರಿಂಗುಗಳ ಮೇಲಿರುತ್ತದೆ.

ಗ್ರೀಸ್ ಎಂಬುದು ಸಾಬೂನಿನಂತಹ ಗಟ್ಟಿಕಾರಕದಲ್ಲಿ ಹಿಡಿದಿಟ್ಟ ಎಣ್ಣೆ. ಆ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಒಸರಿ, ಉಕ್ಕಿನ ಗುಂಡುಗಳಿಗೂ ಅವು ಉರುಳುವ ಪಥಕ್ಕೂ ನಡುವೆ ತೆಳುಪದರವಾಗಿ ನಿಲ್ಲುತ್ತದೆ. ಅದು ಬತ್ತಿದರೆ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಗ್ರೀಸ್ ಮಿತಿಮೀರಿದರೆ ಗುಂಡುಗಳು ಅದನ್ನು ಮಜ್ಜಿಗೆಯಂತೆ ಕಡೆದು ಕಾವೇರಿಸುತ್ತವೆ. ಒತ್ತಡಕ್ಕೆ ಸೀಲು ಸರಿದು ಧೂಳು, ನೀರು ಒಳಸೇರುತ್ತವೆ.

ಆದಕಾರಣ ಮೊದಲು ಬೇರಿಂಗಿನ ಜಾತಿಯನ್ನರಿಯಬೇಕು. ಕಾರ್ಖಾನೆಯಲ್ಲಿಯೇ ಗ್ರೀಸ್ ತುಂಬಿ ಎರಡೂ ಬದಿ ಮುಚ್ಚಿದ ಬೇರಿಂಗಿಗೆ ಹೊರಗಿನಿಂದ ಗ್ರೀಸ್ ಹಾಕುವಂತಿಲ್ಲ. ಸವೆದಾಗ ಅದನ್ನು ಬದಲಿಸಬೇಕು. ಗ್ರೀಸ್ ನಿಪ್ಪಲ್ ಇರುವ ಸ್ಪಿಂಡಲ್ಲಿಗೆ, ತಯಾರಕರ ಕೈಪಿಡಿ ಹೇಳಿದಷ್ಟು ಗಂಟೆಗಳ ಕೆಲಸಕ್ಕೊಮ್ಮೆ ಗ್ರೀಸ್ ಕೊಡತಕ್ಕದ್ದು.

ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿದ ಮೇಲೆಯೇ ಕೈಯಿಡಬೇಕು. ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸದಿದ್ದರೆ ಅದರ ಮೇಲಿನ ಮಣ್ಣೇ ಗ್ರೀಸಿನೊಡನೆ ಒಳಹೋಗುತ್ತದೆ. ಕೈಗನ್ನಿನಿಂದ ನಿಧಾನವಾಗಿ ಒತ್ತುತ್ತ, ಕೈಪಿಡಿಯ ಪ್ರಮಾಣ ಮುಗಿದೊಡನೆ ಅಥವಾ ಅದಕ್ಕೂ ಮೊದಲೇ ಕೈಗೆ ತಡೆ ತೋರಿದೊಡನೆ ನಿಲ್ಲಿಸಬೇಕು. ಬಗೆಬಗೆಯ ಗ್ರೀಸುಗಳನ್ನು ಬೆರೆಸಲಾಗದು. ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಗ್ರೀಸ್ ಬೆರೆತರೆ ಎರಡೂ ಹದಗೆಟ್ಟು ಸೋರಿಹೋಗಬಹುದು. ಯಂತ್ರವನ್ನು ತೊಳೆಯುವಾಗ ನೀರಿನ ರಭಸದ ಧಾರೆಯನ್ನು ಬೇರಿಂಗಿನತ್ತ ಬಿಡಬಾರದು.

ಬೆಲ್ಟ್ ಕಳಚಿ, ದಪ್ಪ ಕೈಗವಸು ತೊಟ್ಟು, ಅಲಗನ್ನು ತಿರುಗಿಸಿ ನೋಡಿದರೆ ಬೇರಿಂಗಿನ ಆರೋಗ್ಯ ತಿಳಿಯುತ್ತದೆ. ಗರಗರ ಸದ್ದಾಗಲಿ ಓಲಾಟವಾಗಲಿ ಕಂಡರೆ ಬೇರಿಂಗನ್ನು ಬದಲಿಸುವುದೇ ದಾರಿ. ಸವೆದ ಪಥವನ್ನು ಗ್ರೀಸ್ ತುಂಬಿಕೊಡಲಾರದು. ಉಪೇಕ್ಷಿಸಿದಲ್ಲಿ ಸ್ಪಿಂಡಲ್ ಸಡಿಲಗೊಂಡು ಅಲಗು ಡೆಕ್ಕಿಗೇ ಬಡಿಯಬಹುದು. ಆಗ ಯಂತ್ರಕ್ಕೆ ನಷ್ಟ, ಸಮೀಪದಲ್ಲಿರುವವರಿಗೆ ಅಪಾಯ. ಹದವರಿತ ಕೈಯೊಂದೇ ಇವೆರಡನ್ನೂ ತಡೆಯಬಲ್ಲುದು.