ಕ್ವಾಂಟಂ ಗಣಕ: ಇಂದು ಕದ್ದ ಪೆಟ್ಟಿಗೆಗೆ ನಾಳೆ ದೊರೆಯುವ ಕೀಲಿ

ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ್ದ ಮೊಕದ್ದಮೆಯ ವಿಚಾರಣೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ನಡೆಯಿತು. ಆ ವರ್ಷದ ಮಾರ್ಚ್ 22ರಂದು ವಿಶಿಷ್ಟ ಗುರುತು ಪ್ರಾಧಿಕಾರದ ಅಂದಿನ ಮುಖ್ಯಸ್ಥ ಅಜಯ್ ಭೂಷಣ್ ಪಾಂಡೆ ಅವರು ಪೀಠಕ್ಕೆ ಯೋಜನೆಯ ತಾಂತ್ರಿಕ ವಿವರಗಳನ್ನು ನೀಡಿದರು. ನಾಗರಿಕರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತುಗಳಿಗೆ 2048 ಬಿಟ್‌ಗಳ ಗೂಢಲಿಪಿಯ ರಕ್ಷಣೆ ಇದೆ, ಅದರ ಒಂದೇ ಒಂದು ಕೀಲಿಯನ್ನು ಮುರಿಯಲು ಅತಿವೇಗದ ಗಣಕಯಂತ್ರಕ್ಕೂ ವಿಶ್ವದ ವಯಸ್ಸಿಗಿಂತ ಹೆಚ್ಚು ಕಾಲ ಬೇಕು ಎಂಬುದು ಅವರ ವಾದವಾಗಿತ್ತು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ.

ಆ ಮಾತು ಸುಳ್ಳಲ್ಲ. ಆದರೆ ಅದರೊಳಗೆ ಹೇಳದೆ ಉಳಿದ ಎರಡು ಷರತ್ತುಗಳಿವೆ. ಬೀಗ ಒಡೆಯುವವನ ಬಳಿ ಇಂದಿನ ಬಗೆಯ ಯಂತ್ರವೇ ಇರಬೇಕು; ಇಂದು ತಿಳಿದಿರುವ ಮಾರ್ಗದಲ್ಲೇ ಅವನು ಹೋಗಬೇಕು. ಕ್ವಾಂಟಂ ಗಣಕದ ಕುರಿತು ಇಂದು ನಡೆದಿರುವ ಚರ್ಚೆಯ ಬಹುಭಾಗ ಈ ಎರಡು ಷರತ್ತುಗಳಿಗೆ ಸಂಬಂಧಿಸಿದ್ದು.

ಅಂತರಜಾಲದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಈ ಬೀಗದ ಹೆಸರು ಆರ್‌ಎಸ್‌ಎ. ಅಮೆರಿಕದ ಎಂಐಟಿಯಲ್ಲಿದ್ದ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು 1977ರಲ್ಲಿ ಇದನ್ನು ರೂಪಿಸಿದರು. ಇದರ ತಿರುಳು ಶಾಲೆಯ ಲೆಕ್ಕದಷ್ಟೇ ಸರಳ. 89 ಮತ್ತು 97 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 8633 ಬರುತ್ತದೆ. ಕಾಗದ, ಪೆನ್ಸಿಲು ಇದ್ದರೆ ಒಂದು ನಿಮಿಷದ ಕೆಲಸ. ಆದರೆ 8633ನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಒಂದೊಂದಾಗಿ ಭಾಗಿಸಿ ನೋಡುತ್ತ ಕೂರಬೇಕು. ಗುಣಲಬ್ಧವು ನಾಲ್ಕು ಅಂಕಿಯ ಬದಲು 617 ಅಂಕಿಯದಾದರೆ ಅದು 2048 ಬಿಟ್‌ಗಳ ಬೀಗವಾಗುತ್ತದೆ. ಗುಣಲಬ್ಧವನ್ನು ಜಗತ್ತಿಗೆಲ್ಲ ಸಾರಬಹುದು; ಅದನ್ನು ಬಳಸಿ ಯಾರು ಬೇಕಾದರೂ ಪೆಟ್ಟಿಗೆ ಮುಚ್ಚಬಹುದು. ತೆರೆಯಲು ಮಾತ್ರ ಮೂಲದ ಎರಡು ಸಂಖ್ಯೆಗಳು ಬೇಕು.

ಬೀಗ ಹುಟ್ಟಿದ ವರ್ಷವೇ ಅದಕ್ಕೊಂದು ಪಂಥ ಏರ್ಪಟ್ಟಿತು. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್‌ನರ್ 129 ಅಂಕಿಗಳ ಒಂದು ಸಂಖ್ಯೆಯನ್ನು ಪ್ರಕಟಿಸಿದರು. ಅದನ್ನು ಒಡೆದು, ಅದರಿಂದ ಮುಚ್ಚಿದ್ದ ಸಂದೇಶವನ್ನು ಓದಿದವರಿಗೆ 100 ಡಾಲರ್ ಬಹುಮಾನ. ಒಡೆಯಲು ಸುಮಾರು 400 ಕೋಟಿ ಕೋಟಿ ವರ್ಷ ಬೇಕೆಂಬ ಅಂದಾಜೂ ಅಲ್ಲೇ ಅಚ್ಚಾಗಿತ್ತು. ಆ ಸಂಖ್ಯೆ 1994ರ ಏಪ್ರಿಲ್‌ನಲ್ಲಿ ಒಡೆಯಿತು, ಅಂದರೆ ಹದಿನೇಳನೆಯ ವರ್ಷದಲ್ಲಿ. ಹಲವು ದೇಶಗಳ ಸುಮಾರು 600 ಮಂದಿ ಸ್ವಯಂಸೇವಕರು ಇ-ಮೇಲ್ ಮೂಲಕ ಕೆಲಸ ಹಂಚಿಕೊಂಡು, ತಮ್ಮ ಗಣಕಗಳ ಬಿಡುವಿನ ವೇಳೆಯನ್ನು ಸುಮಾರು ಎಂಟು ತಿಂಗಳು ಇದಕ್ಕೆ ಧಾರೆಯೆರೆದಿದ್ದರು. ಯಂತ್ರಗಳು ವೇಗಗೊಂಡದ್ದು ಇದಕ್ಕೆ ಒಂದು ಕಾರಣ ಮಾತ್ರ. ಅಪವರ್ತನಗಳನ್ನು ಕಂಡುಹಿಡಿಯುವ ಗಣಿತವೇ ಅಷ್ಟರಲ್ಲಿ ಸುಧಾರಿಸಿತ್ತು. 1977ರ ಅಂದಾಜು ಯಂತ್ರದ ವೇಗವನ್ನು ಲೆಕ್ಕ ಹಾಕಿತ್ತು, ಮನುಷ್ಯನ ಬುದ್ಧಿಯನ್ನು ಹಾಕಿರಲಿಲ್ಲ ಎನ್ನಬೇಕು.

ಇಷ್ಟಾದರೂ ಸಾಮಾನ್ಯ ಗಣಕಗಳು 2048 ಬಿಟ್‌ಗಳ ಬೀಗದ ಹತ್ತಿರಕ್ಕೂ ಬಂದಿಲ್ಲ. 2020ರ ಫೆಬ್ರವರಿಯಲ್ಲಿ 250 ಅಂಕಿಗಳ ಸಂಖ್ಯೆಯೊಂದನ್ನು ಒಡೆಯಲಾಯಿತು. 617 ಅಂಕಿ ಬಹಳ ದೂರದ ಮಾತು. ನಿಜವಾದ ಆತಂಕ ಹುಟ್ಟಿದ್ದು ಅದೇ 1994ರಲ್ಲಿ, ಬೇರೊಂದು ದಿಕ್ಕಿನಿಂದ. ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಪೀಟರ್ ಶೋರ್, ಕ್ವಾಂಟಂ ಗಣಕವೆಂಬ ಯಂತ್ರ ಎಂದಾದರೂ ನಿರ್ಮಾಣವಾದರೆ ಅದು ಇಂಥ ಸಂಖ್ಯೆಗಳನ್ನು ಸುಲಭವಾಗಿ ಒಡೆಯಬಲ್ಲದೆಂದು ತೋರಿಸಿಕೊಟ್ಟರು. ಆಗ ಆ ಯಂತ್ರ ಕಾಗದದ ಮೇಲಷ್ಟೇ ಇತ್ತು.

ಶೋರ್ ಕಂಡ ಮಾರ್ಗವನ್ನು 15 ಎಂಬ ಪುಟ್ಟ ಸಂಖ್ಯೆಯಲ್ಲಿ ಪರೀಕ್ಷಿಸಬಹುದು. 7ನ್ನು 7ರಿಂದಲೇ ಮತ್ತೆ ಮತ್ತೆ ಗುಣಿಸುತ್ತ, ಪ್ರತಿ ಸಲವೂ 15ರಿಂದ ಭಾಗಿಸಿ ಶೇಷವನ್ನು ಮಾತ್ರ ಬರೆದುಕೊಳ್ಳಬೇಕು. 7, 4, 13, 1 ಎಂದು ಬಂದು, ಮತ್ತೆ 7, 4, 13, 1 ಎಂದೇ ಸುತ್ತುತ್ತದೆ. ಆದಿತಾಳದಲ್ಲಿ ಎಂಟು ಅಕ್ಷರಗಳಿಗೊಮ್ಮೆ ಆವರ್ತ ಮುಗಿಯುವಂತೆ ಇಲ್ಲಿ ನಾಲ್ಕಕ್ಕೊಮ್ಮೆ ಮುಗಿಯುತ್ತದೆ. ನಾಲ್ಕರ ಅರ್ಧ ಎರಡು. 7ರ ವರ್ಗ 49. ಅದಕ್ಕಿಂತ ಒಂದು ಕಡಿಮೆ 48, ಒಂದು ಹೆಚ್ಚು 50. 48 ಹಾಗೂ 15ರ ಮಹತ್ತಮ ಸಾಮಾನ್ಯ ಅಪವರ್ತನ 3. 50 ಹಾಗೂ 15ರದು 5. ಮೂರೈದಲ ಹದಿನೈದು, ಬೀಗ ತೆರೆಯಿತು. ಆವರ್ತ ಎಷ್ಟು ಉದ್ದವೆಂದು ತಿಳಿದರೆ ಉಳಿದದ್ದನ್ನು ಸಾಮಾನ್ಯ ಗಣಕವೇ ಮಾಡಿ ಮುಗಿಸುತ್ತದೆ. ತೊಡಕು ಇಷ್ಟೇ: 617 ಅಂಕಿಯ ಸಂಖ್ಯೆಯಲ್ಲಿ ಆವರ್ತವೂ ಊಹೆಗೆ ನಿಲುಕದಷ್ಟು ಉದ್ದವಾಗಿರುತ್ತದೆ.

ಕ್ವಾಂಟಂ ಗಣಕದ ಕೈಚಳಕ ಇರುವುದು ಈ ಒಂದು ಹಂತದಲ್ಲಿ. ಸಾಮಾನ್ಯ ಗಣಕದ ಬಿಟ್ ಸೊನ್ನೆಯಾಗಿರುತ್ತದೆ ಅಥವಾ ಒಂದಾಗಿರುತ್ತದೆ. ಕ್ಯೂಬಿಟ್ ಎರಡೂ ಸ್ಥಿತಿಗಳ ಮಿಶ್ರಣದಲ್ಲಿರಬಲ್ಲದು. ಹೀಗಾಗಿ ಈ ಯಂತ್ರ ಎಲ್ಲ ಉತ್ತರಗಳನ್ನೂ ಏಕಕಾಲಕ್ಕೆ ಪರೀಕ್ಷಿಸಿ ಸರಿಯಾದುದನ್ನು ಹೆಕ್ಕಿ ಕೊಡುತ್ತದೆಂದು ಅನೇಕ ಕಡೆ ಬರೆಯಲಾಗುತ್ತದೆ, ಅದು ತಪ್ಪು. ಅಳೆದ ಕ್ಷಣ ಮಿಶ್ರಣ ಕುಸಿದು ಒಂದೇ ಒಂದು ಉತ್ತರ ಕೈಗೆ ಬರುತ್ತದೆ, ಅದೂ ಯಾದೃಚ್ಛಿಕವಾಗಿ. ಉಪಾಯವಿರುವುದು ವ್ಯತಿಕರಣದಲ್ಲಿ. ಕೆರೆಯ ನೀರಿಗೆ ಎರಡು ಕಲ್ಲು ಎಸೆದಾಗ ಎದ್ದ ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಹಾಗೆಯೇ ಆವರ್ತಕ್ಕೆ ಹೊಂದದ ಉತ್ತರಗಳು ತಮ್ಮೊಳಗೇ ಅಳಿಸಿಹೋಗುವಂತೆ, ಹೊಂದುವ ಉತ್ತರಗಳು ಬಲಗೊಳ್ಳುವಂತೆ ಶೋರ್ ಲೆಕ್ಕವನ್ನು ಹೆಣೆದರು. ಇಂಥ ಹೆಣಿಗೆ ಎಲ್ಲ ಸಮಸ್ಯೆಗಳಿಗೂ ಒದಗುವುದಿಲ್ಲ. ಬ್ಯಾಂಕಿನ ಲೆಕ್ಕಪತ್ರವನ್ನೋ ಪತ್ರಿಕೆಯ ಪುಟವಿನ್ಯಾಸವನ್ನೋ ಕ್ವಾಂಟಂ ಗಣಕ ಚುರುಕುಗೊಳಿಸದು. ದುರದೃಷ್ಟಕ್ಕೆ, ಲಯ ಅಡಗಿರುವ ಆರ್‌ಎಸ್‌ಎ ಬೀಗಕ್ಕೆ ಅದು ಚೆನ್ನಾಗಿ ಒದಗುತ್ತದೆ.

ಯಂತ್ರ ಎಲ್ಲಿಯವರೆಗೆ ಬಂದಿದೆ? 2001ರಲ್ಲಿ ಐಬಿಎಂ ಸಂಶೋಧಕರು ಏಳು ಕ್ಯೂಬಿಟ್‌ಗಳಿಂದ 15ನ್ನು ಒಡೆದು ತೋರಿಸಿದರು. ಅದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ 1121 ಕ್ಯೂಬಿಟ್‌ಗಳ ಚಿಪ್ ಪ್ರಕಟಿಸಿತು. ಬೆಂಗಳೂರಿನ ಕ್ಯೂಪಿಐ ಸಂಸ್ಥೆ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ ಯಂತ್ರವನ್ನು ಘೋಷಿಸಿತು. ಆದರೆ ಸಂಖ್ಯೆಯೊಂದೇ ಮಾನದಂಡವಲ್ಲ. ಕ್ಯೂಬಿಟ್ ತೀರ ನಾಜೂಕಿನದು. ಅಲ್ಪ ಶಾಖ, ಅಲ್ಪ ಕಂಪನ ಸಾಕು, ಲೆಕ್ಕ ಕೆಡುತ್ತದೆ. ತಪ್ಪುಗಳನ್ನು ತಿದ್ದಿಕೊಳ್ಳಲು ಒಂದು ನಂಬಲರ್ಹ ಕ್ಯೂಬಿಟ್‌ನ ಹಿಂದೆ ನೂರಾರು ಕ್ಯೂಬಿಟ್‌ಗಳು ದುಡಿಯಬೇಕಾಗುತ್ತದೆ. ಕ್ಯೂಬಿಟ್‌ಗಳನ್ನು ಹೆಚ್ಚಿಸಿದಂತೆ ತಪ್ಪುಗಳು ಕಡಿಮೆಯಾಗುವುದನ್ನು ಗೂಗಲ್ 2024ರ ಡಿಸೆಂಬರ್‌ನಲ್ಲಿ 105 ಕ್ಯೂಬಿಟ್‌ಗಳ ‘ವಿಲೋ’ ಚಿಪ್‌ನಲ್ಲಿ ತೋರಿಸಿದ್ದು ಈ ಕಾರಣಕ್ಕೇ ಮುಖ್ಯವೆನಿಸಿತು. 2048 ಬಿಟ್‌ಗಳ ಬೀಗ ಒಡೆಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಲೆಕ್ಕ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಅದೇ ಗಿಡ್ನಿ ಆ ಅಂದಾಜನ್ನು ಹತ್ತು ಲಕ್ಷಕ್ಕಿಂತ ಕೆಳಗಿಳಿಸಿದರು. ಅವಧಿ ಒಂದು ವಾರದೊಳಗೆ. 129 ಅಂಕಿಯ ಸಂಖ್ಯೆಯ ಕಥೆಯಲ್ಲಿ ಆದಂತೆ ಇಲ್ಲಿಯೂ ಯಂತ್ರ ಬೆಳೆಯುವ ಮೊದಲೇ ಗಣಿತ ಮುಂದೆ ಸಾಗಿತು.

ಅಂಥ ಯಂತ್ರ ಬಂದ ಮೇಲೆ ಬೀಗ ಬದಲಾಯಿಸಿದರಾಯಿತಲ್ಲ ಎಂದು ಕೇಳಬಹುದು. ಸಾಲದು. ಪೆಟ್ಟಿಗೆ ತೆರೆಯಲಾಗದ ಕಳ್ಳನಿಗೆ ಪೆಟ್ಟಿಗೆಯನ್ನೇ ಹೊತ್ತೊಯ್ಯುವ ದಾರಿ ಇದೆ. ಅಂತರಜಾಲದಲ್ಲಿ ಸಾಗುವ ಗೂಢಲಿಪಿಯ ಸಂದೇಶಗಳನ್ನು ಇಂದೇ ನಕಲು ಮಾಡಿಟ್ಟುಕೊಂಡು, ಕೀಲಿ ದೊರೆಯುವ ದಿನಕ್ಕಾಗಿ ಕಾಯಬಹುದು. ಸಂಗ್ರಹಿಸಿಡಲು ತಗಲುವ ವೆಚ್ಚ ವರ್ಷದಿಂದ ವರ್ಷಕ್ಕೆ ಇಳಿದಿದೆ. ಒಂದು ಖರೀದಿಗಷ್ಟೇ ಬಳಸಿದ ಓಟಿಪಿ ಹತ್ತು ವರ್ಷದ ನಂತರ ಬಯಲಾದರೆ ಯಾರಿಗೂ ನಷ್ಟವಿಲ್ಲ. ರಾಯಭಾರ ಕಚೇರಿಯ ಪತ್ರ, ರೋಗಿಯ ವೈದ್ಯಕೀಯ ದಾಖಲೆ, ರಕ್ಷಣಾ ಇಲಾಖೆಯ ನಕ್ಷೆ, ಇವುಗಳ ಗುಟ್ಟಿಗೆ ಆಯುಸ್ಸು ಹೆಚ್ಚು.

ಇದಕ್ಕೆ ಪರಿಹಾರವಾಗಿ, ಕ್ವಾಂಟಂ ಗಣಕಕ್ಕೂ ಲಯ ಸಿಗದಂಥ ಬೇರೆ ಗಣಿತದ ಮೇಲೆ ಕಟ್ಟಿದ ಹೊಸ ಬೀಗಗಳು ಬಂದಿವೆ. ಇವು ಸಾಮಾನ್ಯ ಗಣಕ ಮತ್ತು ಫೋನುಗಳಲ್ಲೇ ನಡೆಯುತ್ತವೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2016ರಲ್ಲಿ ಜಗತ್ತಿನ ಗಣಿತಜ್ಞರಿಗೆ ಕರೆ ಕೊಟ್ಟು, ಬಂದ ಪ್ರಸ್ತಾವಗಳನ್ನು ವರ್ಷಗಟ್ಟಲೆ ಬಹಿರಂಗ ಪರೀಕ್ಷೆಗೆ ಒಡ್ಡಿ, 2024ರ ಆಗಸ್ಟ್ 13ರಂದು ಮೂರು ಮಾನಕಗಳನ್ನು ಅಂತಿಮಗೊಳಿಸಿತು. ಬಹಿರಂಗ ಪರೀಕ್ಷೆಯ ಬೆಲೆ ಏನೆಂಬುದಕ್ಕೆ ನಡುವೆ ಒಂದು ಪ್ರಸಂಗ ನಡೆಯಿತು. ಪೈಪೋಟಿಯಲ್ಲಿ ಬಹಳ ದೂರ ಸಾಗಿದ್ದ ‘ಸೈಕ್’ ಎಂಬ ಬೀಗವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ಸಂಶೋಧಕರು ಒಡೆದರು. ಕ್ವಾಂಟಂ ಗಣಕದಿಂದಲ್ಲ, ಸಾಮಾನ್ಯ ಗಣಕದ ಒಂದೇ ಸಂಸ್ಕಾರಕದಿಂದ, ಸುಮಾರು ಒಂದು ಗಂಟೆಯಲ್ಲಿ. ಗುಟ್ಟಾಗಿ ರಚಿಸಿ ‘ಕ್ವಾಂಟಂ ಸುರಕ್ಷಿತ’ ಎಂಬ ಚೀಟಿ ಅಂಟಿಸಿ ಮಾರುವ ಬೀಗಗಳನ್ನು ಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನೊಂದು ಪರಿಹಾರ ಭೌತಶಾಸ್ತ್ರದ್ದು, ಅದರ ಜಾತಕದಲ್ಲಿ ಬೆಂಗಳೂರಿನ ಹೆಸರಿದೆ. ಬೆಳಕಿನ ಒಂಟಿ ಕಣಗಳ ಮೂಲಕ ಕೀಲಿ ಕಳುಹಿಸಿದರೆ ನಡುವೆ ಇಣುಕಿದವನ ಗುರುತು ಕಣದ ಮೇಲೇ ಉಳಿಯುತ್ತದೆ ಎಂಬ ವಿಧಾನವನ್ನು ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಾಸಾರ್ 1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ‘ಬಿಬಿ84’ ಎಂದು ಪ್ರಸಿದ್ಧವಾಯಿತು. ವಿಧಾನ ಸುಂದರವಾದುದು, ಆದರೆ ಅದಕ್ಕೆ ಪ್ರತ್ಯೇಕ ಉಪಕರಣ, ಪ್ರತ್ಯೇಕ ಸಂಪರ್ಕ ಬೇಕು. ಕೋಟ್ಯಂತರ ಮೊಬೈಲ್ ಫೋನುಗಳಿಗೆ ಹೊಂದುವುದು ಗಣಿತದ ಹೊಸ ಬೀಗವೇ.

ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಕ್ವಾಂಟಂ ಗಣಕದ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಯಂತ್ರ ಕಟ್ಟುವ ಈ ಉತ್ಸಾಹದ ಪಕ್ಕದಲ್ಲಿ ಬೀಗ ಬದಲಾಯಿಸುವ ಕೆಲಸ ಸಪ್ಪೆಯಾಗಿ ಕಾಣುವುದು ಸಹಜ. ಅದರಲ್ಲಿ ಉದ್ಘಾಟನೆಗೆ ರಿಬ್ಬನ್ ಇಲ್ಲ. ಯಾವ ಕಚೇರಿಯ ಯಾವ ತಂತ್ರಾಂಶದಲ್ಲಿ, ಯಾವ ಹಳೆಯ ಯಂತ್ರದಲ್ಲಿ ಆರ್‌ಎಸ್‌ಎ ಅಡಗಿದೆಯೆಂದು ಪಟ್ಟಿ ಮಾಡುವುದೇ ಮೊದಲ ಹಂತ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2025ರ ಮಾರ್ಚ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ ಪಟ್ಟಿ ಮತ್ತು ಯೋಜನೆಗೆ 2028ರವರೆಗೆ, ಪೂರ್ಣ ಬದಲಾವಣೆಗೆ 2035ರವರೆಗೆ ಗಡುವು ಕೊಟ್ಟಿದೆ. ಸಂದೇಶ ಸೇವೆಗಳಲ್ಲಿ ಸಿಗ್ನಲ್ 2023ರಲ್ಲೇ, ಆಪಲ್ ತನ್ನ ಐಮೆಸೇಜ್‌ನಲ್ಲಿ 2024ರಲ್ಲೇ ಹೊಸ ಬೀಗ ಅಳವಡಿಸಿದವು. ಬಳಕೆದಾರ ತಂತ್ರಾಂಶವನ್ನು ಪರಿಷ್ಕರಿಸಿಕೊಂಡದ್ದರ ಹೊರತು ಬೇರೇನೂ ಮಾಡಬೇಕಾಗಲಿಲ್ಲ.

ಗಡುವಿನ ಲೆಕ್ಕವನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮಿಷೆಲ್ ಮೋಸ್ಕಾ ಬಹಳ ಹಿಂದೆಯೇ ಕೂಡುವ ಲೆಕ್ಕವಾಗಿ ಇಳಿಸಿದ್ದಾರೆ. ಗುಟ್ಟು ಎಷ್ಟು ವರ್ಷ ಉಳಿಯಬೇಕು ಎಂಬುದಕ್ಕೆ ಬೀಗ ಬದಲಾಯಿಸಲು ಎಷ್ಟು ವರ್ಷ ಬೇಕು ಎಂಬುದನ್ನು ಕೂಡಿಸಬೇಕು. ಆ ಮೊತ್ತ ಕ್ವಾಂಟಂ ಗಣಕ ಬರಲು ಉಳಿದಿರುವ ವರ್ಷಗಳಿಗಿಂತ ಹೆಚ್ಚಾದರೆ ಈಗಾಗಲೇ ತಡವಾಗಿದೆ. ಮೂರನೆಯ ಅಂಕಿ ಹತ್ತೋ ಮೂವತ್ತೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಮೊದಲ ಅಂಕಿಯನ್ನು ಮಾತ್ರ ಪ್ರತಿಯೊಂದು ಸಂಸ್ಥೆಯೂ ತಾನೇ ಹೇಳಬಲ್ಲದು. ಮೊದಲ ಆಧಾರ್ ಸಂಖ್ಯೆ 2010ರ ಸೆಪ್ಟೆಂಬರ್‌ನಲ್ಲಿ ವಿತರಣೆಯಾಯಿತು. ಆಗ ಇಪ್ಪತ್ತರ ಹರೆಯದಲ್ಲಿ ಬೆರಳು ಒತ್ತಿದವರಿಗೆ 2050ರಲ್ಲಿ ಅರವತ್ತು ವರ್ಷ. ಗುಪ್ತಪದ ಸೋರಿದರೆ ಬೇರೊಂದನ್ನು ಇಟ್ಟುಕೊಳ್ಳಬಹುದು; ಅವರ ಬೆರಳಿನ ರೇಖೆ ಅಂದೂ ಅದೇ ಇರುತ್ತದೆ.