ಟವೆಲಿನ ಮರೆಯ ಬೆಲೆ: ದನದ ಜಾತ್ರೆ ಮತ್ತು ವಾಣಿಜ್ಯ ಶಿಕ್ಷಣ

ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ‘ಮಾಹಿತಿಯ ಅಸಮಾನತೆ’ಯನ್ನು ವಿವರಿಸುವಾಗ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆಧರಿಸುವುದು ರೂಢಿ. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಎಲ್ಲ ಕಾರಿಗೂ ಬೆಲೆ ಇಳಿಯುತ್ತದೆ, ಒಳ್ಳೆಯ ಕಾರಿನ ಒಡೆಯ ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾನೆ ಎಂಬುದು ಅದರ ತಿರುಳು. ಈ ಕ್ಷೇತ್ರದ ಸಂಶೋಧನೆಗಾಗಿ ಅಕರ್ಲಾಫ್ ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ಸಂದಿತು.

ಇದೇ ತೊಡಕನ್ನು ದೊಡ್ಡಬಳ್ಳಾಪುರದ ಸಮೀಪದ ಘಾಟಿ ಸುಬ್ರಹ್ಮಣ್ಯದಂತಹ ದನದ ಜಾತ್ರೆಗಳು ಬಹುಕಾಲದಿಂದ ಎದುರಿಸುತ್ತ ಬಂದಿವೆ. ಹಳ್ಳಿಕಾರ್ ಎತ್ತಿನ ವಯಸ್ಸಿಗೆ ಅಲ್ಲಿ ಕಾಗದದ ದಾಖಲೆಯಿಲ್ಲ, ಬಾಯಿಯೇ ದಾಖಲೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುತ್ತ ಹೋಗಿ, ಎಂಟೂ ಬಂದ ಮೇಲೆ ‘ಬಾಯಿಗೂಡಿತು’ ಎನ್ನುತ್ತಾರೆ. ಅನಂತರ ಸುಳಿ, ಗೊರಸು, ನಡಿಗೆ. ಜೋಡಿಯಾದರೆ ಎರಡೂ ಸರಿಸಮ ಹೆಜ್ಜೆ ಹಾಕುತ್ತವೆಯೇ ಎಂಬ ಪರೀಕ್ಷೆ. ದಲ್ಲಾಳಿಯ ಮಾತಿಗೆ ತೂಕ ಬರುವುದು ಅವನು ಮುಂದಿನ ವರ್ಷವೂ ಅದೇ ಜಾತ್ರೆಗೆ ಬರಬೇಕಾದವನು ಎಂಬುದರಿಂದ. ಬೆಲೆ ಕುದುರುವುದು ಟವೆಲಿನ ಮರೆಯಲ್ಲಿ, ಬೆರಳು ಹಿಡಿದು. ಅಲ್ಲಿ ಕುದುರದ ಬೆಲೆ ಮುಂದಿನ ಗಿರಾಕಿಗೆ ತಿಳಿಯುವುದಿಲ್ಲ. ನಿರಾಕರಿಸಿದವನಿಗೂ ನಿರಾಕರಿಸಲ್ಪಟ್ಟವನಿಗೂ ಮುಖಭಂಗವಿಲ್ಲ.

ಈ ಪದ್ಧತಿಯನ್ನು ಮುಗ್ಧವೆಂದು ಕೊಂಡಾಡಬೇಕಾಗಿಲ್ಲ. ಒಡೆಯನಿಗೊಂದು, ಗಿರಾಕಿಗೊಂದು ಬೆಲೆ ಹೇಳಿ ನಡುವಿನ ಹಣವನ್ನು ದಲ್ಲಾಳಿ ತಾನಿಟ್ಟುಕೊಳ್ಳಲು ಅದೇ ಟವೆಲು ಅನುವು ಮಾಡಿಕೊಡುತ್ತದೆ. ಆದರೆ ಈ ಜಾಣ್ಮೆ ಮತ್ತು ಈ ಮೋಸ ಎರಡೂ ಪಠ್ಯಕ್ರಮದ ಹೊರಗೇ ಉಳಿದಿವೆ. ಇಡೀ ವ್ಯವಹಾರ ‘ಅಸಂಘಟಿತ ವಲಯ’ ಎಂಬ ಒಂದೇ ಶೀರ್ಷಿಕೆಯಡಿ ಮುಗಿದುಹೋಗುತ್ತದೆ. ಪದವಿಯ ಕೊನೆಗೆ ವಿದ್ಯಾರ್ಥಿಯನ್ನು ಕೆಲವು ವಾರ ಕಂಪನಿಯೊಂದಕ್ಕೆ ಕಳುಹಿಸಿ ವರದಿ ಬರೆಸಿದ ಮಾತ್ರಕ್ಕೆ ಈ ಅಂತರ ತುಂಬದು, ಏಕೆಂದರೆ ಕೊರತೆಯಿರುವುದು ಅಭ್ಯಾಸದಲ್ಲಿ ಮಾತ್ರವಲ್ಲ, ಯಾವುದನ್ನು ವ್ಯವಹಾರಜ್ಞಾನವೆಂದು ಎಣಿಸಬೇಕು ಎಂಬ ತೀರ್ಮಾನದಲ್ಲಿ. ವಾಣಿಜ್ಯ ಪದವಿ ಪಡೆದ ರೈತನ ಮಗ ಸಾಲದ ಬಡ್ಡಿಯನ್ನು ತಪ್ಪಿಲ್ಲದೆ ಲೆಕ್ಕ ಹಾಕಬಲ್ಲ. ಆ ಸಾಲದಿಂದ ಕೊಳ್ಳುವ ಎತ್ತಿನ ಬಾಯಿ ನೋಡಲು ತಂದೆಯನ್ನೇ ಕರೆದೊಯ್ಯಬೇಕು. ಉಳುಮೆ ಟ್ರ್ಯಾಕ್ಟರಿಗೆ ಸರಿದಂತೆ ಬಾಯಿ ನೋಡಬಲ್ಲ ತಂದೆಯರೂ ವಿರಳವಾಗುತ್ತಿದ್ದಾರೆ.

ಜಾನಪದ ಅಧ್ಯಯನದ ಪಾಲೂ ಇದರಲ್ಲಿದೆ. ಸುಳಿಗಳನ್ನು ಅದು ಬಹುಮಟ್ಟಿಗೆ ನಂಬಿಕೆಗಳ ಅಧ್ಯಾಯದಲ್ಲಿ ಸೇರಿಸಿತು. ಯಾವ ಸುಳಿಯಿದ್ದರೆ ಜೋಡಿಯ ಬೆಲೆ ಎಷ್ಟು ಇಳಿಯಿತು, ಸಂಚಕಾರವಾಗಿ ಎಷ್ಟು ಕೊಡಲಾಯಿತು, ಮಾತು ಮುರಿದಾಗ ಆ ಹಣ ಯಾರಿಗೆ ಉಳಿಯಿತು ಎಂಬುದನ್ನು ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ದಾಖಲಿಸುವ ಕೆಲಸ ಇನ್ನೂ ಆಗಬೇಕಾಗಿದೆ.