ಡಿ ಡ್ರೈವಿನ ಜೇಕಿನ ಗಡ್ಡೆ

“ಮತ್ತ ಬಂದೈತ್ರಿ ಸರ್. ಹೋದ ತಿಂಗಳಷ್ಟ ಫಾರ್ಮ್ಯಾಟ್ ಹೊಡಸೇವಿ.”

ಫೋನ್ ಮಾಡಿದವರು ಕುಂದಗೋಳ ತಾಲೂಕಿನ ಹಳ್ಳಿಯೊಂದರ ಸೊಸೈಟಿಯ ಕ್ಲಾರ್ಕ್. ಎರಡು ಕಂಪ್ಯೂಟರ್, ಕೂರುವವರು ನಾಲ್ವರು, ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದೂ ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದು. ಹೋಗಿ ನೋಡಿದೆ. ಪೆನ್ ಡ್ರೈವ್ ಹಾಕಿದರೆ ‘ಬೆಳೆಸಾಲ’, ‘ಠರಾವು’, ‘ಉತಾರ’ ಎಂಬ ಫೋಲ್ಡರ್‌ಗಳು ಎಂದಿನಂತೆ ಕಾಣುತ್ತಿದ್ದವು. ಆದರೆ ಪ್ರತಿಯೊಂದರ ಎಡ ಕೆಳಮೂಲೆಯಲ್ಲಿ ಸಣ್ಣದೊಂದು ಬಾಣ. ಗಾತ್ರ ಒಂದೆರಡು ಕೆಬಿ. ಮೂರು ವರ್ಷದ ಸಾಲದ ಲೆಕ್ಕ ಎರಡು ಕೆಬಿಯಲ್ಲಿ ಹಿಡಿಸೀತೇ?

ಅಂಗಡಿ ಮಂದಿ ಇದನ್ನು ‘ಶಾರ್ಟ್‌ಕಟ್ ವೈರಸ್’ ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ಇದು ವರ್ಮ್: ಇನ್ನೊಂದು ಫೈಲಿನ ಹಂಗಿಲ್ಲದೆ ತಾನೇ ತನ್ನ ನಕಲು ಮಾಡಿಕೊಂಡು ಹೋಗುವ ಜಾತಿ. ಮೊದಲು ಅದು ನಿಜವಾದ ಫೋಲ್ಡರ್‌ಗಳಿಗೆ ‘ಹಿಡನ್’, ‘ಸಿಸ್ಟಂ’ ಎಂಬ ಎರಡು ಗುರುತು ಹಚ್ಚಿ ಕಣ್ಮರೆ ಮಾಡುತ್ತದೆ. ಆ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಒತ್ತಿದಿರೋ, ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಹಿಂದೆ ಅಡಗಿದ್ದ ಸ್ಕ್ರಿಪ್ಟ್ ಓಡುತ್ತದೆ. ಮುಂದೆ ನಿಮ್ಮ ನಿಜವಾದ ಫೋಲ್ಡರೂ ತೆರೆಯುತ್ತದೆ. ಫೈಲು ಸಿಕ್ಕಿತಲ್ಲ ಎಂದು ನೀವು ಸುಮ್ಮನಾಗುತ್ತೀರಿ. ಅದಕ್ಕೆ ಬೇಕಾದದ್ದೂ ಅಷ್ಟೇ. ಅಷ್ಟರೊಳಗೆ ಅದು ಕಂಪ್ಯೂಟರಿನಲ್ಲಿ ತನ್ನದೊಂದು ಪ್ರತಿ ಇಟ್ಟು, ಯಂತ್ರ ಚಾಲೂ ಆದಾಗಲೆಲ್ಲ ತಾನೂ ಏಳುವಂತೆ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿರುತ್ತದೆ. ಆಮೇಲೆ ಹೊಸ ಪೆನ್ ಡ್ರೈವ್ ಬಂತೇ ಎಂದು ಕಾಯುತ್ತ ಕೂರುತ್ತದೆ.

ಕ್ಲಾರ್ಕ್ ಎದುರಿಗೇ ಆ ಬಾಣದ ಫೋಲ್ಡರ್‌ಗಳನ್ನೆಲ್ಲ ಅಳಿಸಿದೆ. ಚಹಾ ಬರುವಷ್ಟರಲ್ಲಿ ಎಲ್ಲವೂ ವಾಪಸು.

ಎರೆ ಹೊಲದ ರೈತರಿಗೆ ಈ ಆಟ ಹೊಸದೇನಲ್ಲ. ಎಡೆ ಹೊಡೆದರೆ ಜೇಕೆಂಬ ಕಳೆಯ ಮೇಲಿನ ಗರಿ ಹೋಗುತ್ತದೆ. ನೆಲದೊಳಗೆ ದಾರಕ್ಕೆ ಪೋಣಿಸಿದಂತಿರುವ ಗಡ್ಡೆಗಳು ಉಳಿಯುತ್ತವೆ, ಮತ್ತೆ ಚಿಗುರುತ್ತವೆ. ಸೊಸೈಟಿಯ ಗಡ್ಡೆ ಇದ್ದದ್ದು ಡಿ ಡ್ರೈವಿನಲ್ಲಿ. ರಿಪೇರಿ ಹುಡುಗ ಪ್ರತಿ ಸಲ ಫಾರ್ಮ್ಯಾಟ್ ಹೊಡೆಯುತ್ತಿದ್ದದ್ದು ಸಿ ಡ್ರೈವ್ ಮಾತ್ರ. ಡಿ ಡ್ರೈವಿನಲ್ಲಿ ಲೆಕ್ಕಪತ್ರಗಳಿವೆ ಎಂದು ಅದನ್ನು ಮುಟ್ಟುತ್ತಿರಲಿಲ್ಲ. ಅಲ್ಲೇ ‘ಸಾಫ್ಟ್‌ವೇರ್’ ಎಂಬ ಫೋಲ್ಡರ್, ಅದರೊಳಗೆ ಲೈಸೆನ್ಸಿಲ್ಲದೆ ವಿಂಡೋಸ್ ನಡೆಸುವ ಕ್ರ್ಯಾಕ್. ಅದನ್ನು ಓಡಿಸುವ ಮೊದಲ ಷರತ್ತೇ ಆ್ಯಂಟಿವೈರಸ್ ಬಂದ್ ಮಾಡಬೇಕು ಎಂಬುದು. ಬಾಗಿಲು ತೆಗೆದಿಟ್ಟು ಕಳ್ಳ ಬಂದನೆಂದು ದೂರುವುದು ಹೇಗೆ? ಹುಡುಕಿದಾಗ ಆ ಸ್ಕ್ರಿಪ್ಟಿನ ಒಂದು ಪ್ರತಿ ಡಿ ಡ್ರೈವಿನಲ್ಲೂ ಸಿಕ್ಕಿತು.

ಜೇಬಿನಲ್ಲಿ ಕೂತು ಊರೂರು ತಿರುಗುವ ಈ ವಿದ್ಯೆ ಹಳೆಯದು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿ ಹಿಡಿದೇ ದೇಶ ದಾಟಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್ಫಿಕರ್’ ಇನ್ನೂ ನಯವಂಚಕ. ಪೆನ್ ಡ್ರೈವ್ ಹಾಕಿದಾಗ ಏಳುವ ಪೆಟ್ಟಿಗೆಯಲ್ಲಿ ‘ಫೋಲ್ಡರ್ ತೆರೆದು ಫೈಲ್ ನೋಡಿ’ ಎಂಬ ಸುಳ್ಳು ಸಾಲನ್ನು, ಫೋಲ್ಡರಿನದೇ ಚಿತ್ರ ಹಚ್ಚಿ, ತೋರಿಸುತ್ತಿತ್ತು. ಒಂದೇ ಆಫೀಸಿನ ಯಂತ್ರಗಳ ನಡುವೆ ನೆಟ್‌ವರ್ಕಿನಲ್ಲೂ ಹಬ್ಬುತ್ತಿತ್ತು, ಸಡಿಲ ಪಾಸ್‌ವರ್ಡ್‌ಗಳನ್ನು ಊಹಿಸುತ್ತಿತ್ತು, ಆ್ಯಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ತಡೆಯುತ್ತಿತ್ತು. ಅದು ನುಗ್ಗುವ ಕಂಡಿಯನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಹಿಂದಿನ ತಿಂಗಳೇ ಕೊಟ್ಟಿತ್ತು. ಆದರೂ 2010ರಲ್ಲಿ ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರ ಕಂಪ್ಯೂಟರುಗಳಿಗೆ ಇದು ಅಂಟಿ, ರಾಷ್ಟ್ರೀಯ ಪೊಲೀಸ್ ದಾಖಲೆಯ ಸಂಪರ್ಕವನ್ನೇ ಕಡಿದುಕೊಳ್ಳಬೇಕಾಯಿತು. ಗಾಡಿ ಯಾರದೆಂದು ತಿಳಿಯಲೂ ನೆರೆಯ ಪೊಲೀಸರನ್ನು ಕೇಳುವ ಸ್ಥಿತಿ. ಅಲ್ಲಿ ಹಾಗಾದರೆ ಕುಂದಗೋಳದವರು ನಾಚಬೇಕಾದ್ದೇನಿಲ್ಲ.

ಒಂದು ಭಾನುವಾರ ಕೂತೆವು. ಎರಡೂ ಯಂತ್ರಗಳ ನೆಟ್ ತೆಗೆದು, ಇರುವ ಪೆನ್ ಡ್ರೈವ್‌ಗಳನ್ನೆಲ್ಲ ಮೇಜಿನ ಮೇಲೆ ಹಾಕಿ ಎಂದೆ. ಎರಡು ಕಂಪ್ಯೂಟರಿನ ಆಫೀಸಿನಲ್ಲಿ ಹನ್ನೊಂದು ಸಿಕ್ಕವು. ಒಂದು ಬೈಕಿನ ಕೀಲಿಗೊಂಚಲಿನಲ್ಲಿತ್ತು. ಒಂದನ್ನು ತೊಳೆದು ಇನ್ನೊಂದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಹಾಗಾಗಿ ಎಲ್ಲವೂ ಒಂದೇ ದಿನ. ಯಂತ್ರಗಳಿಗೆ ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಚ್ಚಿದೆವು. ಇದು ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಕಳ್ಳ ಮಲಗಿದ್ದಾಗಲೇ ಹಿಡಿಯಬೇಕಲ್ಲ. ಕ್ರ್ಯಾಕ್ ಫೋಲ್ಡರ್ ಹೋಯಿತು, ಲೈಸೆನ್ಸ್ ಕೊಳ್ಳಲು ಆಡಳಿತ ಮಂಡಳಿ ಗೊಣಗುತ್ತಲೇ ಒಪ್ಪಿತು. ನಾಲ್ವರಿಗೂ ಬೇರೆ ಬೇರೆ ಲಾಗಿನ್. ಅಡ್ಮಿನ್ ಪಾಸ್‌ವರ್ಡ್ ಕಾರ್ಯದರ್ಶಿ ಒಬ್ಬರ ಬಳಿ.

ಅಪ್‌ಡೇಟ್ ಎಂದೂ ಆಗಿರಲಿಲ್ಲ. ನೆಟ್ ಬರುತ್ತಿದ್ದದ್ದು ಕ್ಲಾರ್ಕ್ ಮೊಬೈಲಿನ ಹಾಟ್‌ಸ್ಪಾಟಿನಿಂದ. ಡೇಟಾ ಅಳೆದು ಬಳಸುವ ಸಂಪರ್ಕವೆಂದು ಗುರುತಾಗಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಅಪ್‌ಡೇಟನ್ನು ಈಗ ತಿಂಗಳಿಗೊಮ್ಮೆ ಕೈಯಾರೆ ಮಾಡುತ್ತಾರೆ.

ಖರ್ಚಿಲ್ಲದ ನೆರವೂ ಉಂಟು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಇಂಥ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಗೊತ್ತಿಲ್ಲದ ಪೆನ್ ಡ್ರೈವ್‌ಗಳನ್ನು ಒಳಗೇ ಬಾರದಂತೆ ತಡೆಯಲು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಮಾಡಿದ ‘ಯುಎಸ್‌ಬಿ ಪ್ರತಿರೋಧ್’ ಕೂಡ ಅದರಲ್ಲಿತ್ತು.

ಉಳಿದದ್ದು ಝೆರಾಕ್ಸ್ ಅಂಗಡಿ. ಸೊಸೈಟಿಯ ಪ್ರಿಂಟರ್ ಕೆಟ್ಟಾಗಲೆಲ್ಲ ಪೆನ್ ಡ್ರೈವ್ ಅಲ್ಲಿಗೆ ಹೋಗುತ್ತಿತ್ತು, ಊರಿನ ಉಳಿದ ಪೆನ್ ಡ್ರೈವ್‌ಗಳೂ ಅದೇ ತೂತಿಗೆ ಬರುತ್ತಿದ್ದವು. ಈಗ ಫೈಲನ್ನು ಈಮೇಲ್ ಮಾಡುತ್ತಾರೆ, ಪೆನ್ ಡ್ರೈವ್ ಆಫೀಸು ಬಿಟ್ಟು ಹೊರಡುವುದಿಲ್ಲ. ಎರಡು ತಿಂಗಳಾಯಿತು, ಕ್ಲಾರ್ಕ್ ಫೋನ್ ಬಂದಿಲ್ಲ. ನಿಮ್ಮ ಆಫೀಸಿನಲ್ಲೂ ‘ಮತ್ತ ಬಂದೈತಿ’ ಎಂಬ ಮಾತು ಕೇಳಿಬಂದರೆ, ಫಾರ್ಮ್ಯಾಟ್ ಹೊಡೆಸುವ ಮೊದಲು ಎಲ್ಲರ ಜೇಬು ಖಾಲಿ ಮಾಡಿಸಿ ನೋಡಿ. ಬೈಕಿನ ಕೀಲಿಯನ್ನು ಮರೆಯಬೇಡಿ.